ರಿವಾಲ್ವರಾ, ಪಿಸ್ತೂಲಾ? ಮೊದಲು ಊರಿನ ಕೋವಿಗಳ ಲೆಕ್ಕ ಕೇಳುವ

ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿ ಪೂರ್ತಿ ಓದಿ. ಅರ್ಧ ಓದಿ ಕಮೆಂಟ್ ಹಾಕಬೇಡಿ.

ಹೋದ ಆದಿತ್ಯವಾರ ಕಡಬದಲ್ಲಿ ಮೀಟಿಂಗ್ ಮುಗಿಸಿ ಚಾ ಕುಡಿಯುತ್ತಿರುವಾಗ ನಮ್ಮ ಹುಡುಗನೊಬ್ಬ ನನ್ನನ್ನು ಬದಿಗೆ ಕರೆದ. ಪಿಕಪ್ ಓಡಿಸುವವ, ಮದುವೆಯಾಗಿ ಎರಡು ವರ್ಷ. ತನ್ನ ಊರಿನ ಡಿ.ಸಿ. ಮನ್ನಾ ಜಾಗದ ಸರ್ವೆ ಆಗಬೇಕು ಅಂತ ಅರ್ಜಿ ಹಾಕಿದವರಲ್ಲಿ ಮೊದಲ ಸಹಿ ಅವನದು. ಮೊಬೈಲ್ ತೆಗೆದು ಎರಡು ಫೋಟೋ ತೋರಿಸಿದ. ಒಂದು ಸಣ್ಣ ರಿವಾಲ್ವರ್, ಇನ್ನೊಂದು ಚಪ್ಪಟೆ ಪಿಸ್ತೂಲು. "ಅಣ್ಣ, ದಿನಾ ಸೊಂಟದಲ್ಲಿ ಇಟ್ಟುಕೊಳ್ಳಲಿಕ್ಕೆ ಇದರಲ್ಲಿ ಯಾವುದು ಒಳ್ಳೆಯದು?" ಅಂತ ಕೇಳಿದ.

ನಗಲಿಲ್ಲ, ಬಯ್ಯಲೂ ಇಲ್ಲ. ರಾತ್ರಿ ಎರಡು ಸಲ ಅವನ ಮನೆಯ ಎದುರು ಬೈಕ್ ನಿಲ್ಲಿಸಿ ಹಾರ್ನ್ ಹೊಡೆದು ಹೋಗಿದ್ದಾರೆ ಅಂತ ನನಗೆ ಗೊತ್ತಿತ್ತು. ಹೆದರಿದವನಿಗೆ ಭಾಷಣ ಕೊಡುವುದು ಸುಲಭ. ಒಂದು ವಾರ ಟೈಮ್ ಕೊಡು, ಸರಿಯಾದ ಉತ್ತರ ಕೊಡುತ್ತೇನೆ ಅಂದೆ. ಪುತ್ತೂರು, ಸುಳ್ಯ ಕಡೆಯ ಇನ್ನೂ ಇಬ್ಬರು ಇದನ್ನೇ ಕೇಳಿದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಕೇಳಿದ್ದಕ್ಕೆ ನೇರ ಉತ್ತರ.

ನಮ್ಮ ದೇಶದಲ್ಲಿ ಸಾಮಾನ್ಯ ಮನುಷ್ಯನಿಗೆ ಲೈಸೆನ್ಸ್ ಮೇಲೆ ಸಿಗುವ ಸಣ್ಣ ಗನ್ ಅಂದರೆ ಹೆಚ್ಚಾಗಿ .32 ಬೋರಿನದ್ದು. ಸಿನಿಮಾದಲ್ಲಿ ಕಾಣುವ 9 ಎಂ.ಎಂ. ನಿಷೇಧಿತ ಬೋರ್, ಅದನ್ನು ಮರೆತುಬಿಡಿ. ರಿವಾಲ್ವರಿನಲ್ಲಿ ಆರು ಗುಂಡು. ತಿರುಗುವ ಗಾಲಿ ಇರುವುದರಿಂದ ಸೊಂಟದಲ್ಲಿ ಉಬ್ಬಿ ಕಾಣುತ್ತದೆ, ಟ್ರಿಗರ್ ಗಟ್ಟಿ. ಆದರೆ ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಾಕು, ಮುಂದಿನದು ಬರುತ್ತದೆ. ಪಿಸ್ತೂಲು ಚಪ್ಪಟೆ, ಅಂಗಿಯೊಳಗೆ ಅಡಗುತ್ತದೆ, ಮ್ಯಾಗಜಿನ್‌ನಲ್ಲಿ ಏಳೆಂಟು ಗುಂಡು. ಆದರೆ ಸ್ಲೈಡ್ ಎಳೆಯಬೇಕು, ಸೇಫ್ಟಿ ಬಿಡಿಸಬೇಕು, ಗುಂಡು ಸಿಕ್ಕಿಹಾಕಿಕೊಂಡರೆ ಬಿಡಿಸಲಿಕ್ಕೆ ಅಭ್ಯಾಸ ಬೇಕು. ಮ್ಯಾಗಜಿನ್ ತೆಗೆದ ಮೇಲೂ ಒಂದು ಗುಂಡು ನಳಿಗೆಯಲ್ಲಿ ಉಳಿದಿರಬಹುದು, ಖಾಲಿ ಅಂದುಕೊಂಡು ಮುಟ್ಟಿದವರ ಕೈಯಲ್ಲಿ ಹಾರುವುದು ಹಾಗೆಯೇ. ನಮ್ಮ ಮಳೆಗಾಲ ನಿಮಗೆ ಗೊತ್ತುಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಗಿಲ ಚಿಲಕಕ್ಕೇ ತುಕ್ಕು ಹಿಡಿಯುವ ಊರಿನಲ್ಲಿ ಬೆವರು ತಾಗುವ ಹಾಗೆ ಸೊಂಟದಲ್ಲಿಟ್ಟ ಕಬ್ಬಿಣವನ್ನು ದಿನಾ ಒರೆಸಿ ಎಣ್ಣೆ ಹಾಕಬೇಕು. ವರ್ಷಕ್ಕೊಮ್ಮೆಯೂ ಅಭ್ಯಾಸ ಮಾಡದವನಿಗೆ ಇವೆರಡರಲ್ಲಿ ರಿವಾಲ್ವರೇ ವಾಸಿ. ಕೇಳಿದ್ದಕ್ಕೆ ಉತ್ತರ ಅಷ್ಟೇ.

ಈಗ ಕೇಳದೆ ಬಿಟ್ಟ ಪ್ರಶ್ನೆಗಳು.

ದುಡ್ಡು? ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು 'ನಿರ್ಭೀಕ್' ಅನ್ನುವ ಹಗುರದ ರಿವಾಲ್ವರ್ ಹೊರತಂದಾಗ ಅದರ ಬೆಲೆ 1,22,360 ರೂಪಾಯಿ. ಅದು ಆವಾಗಿನ ಮಾತು. ಪಿಕಪ್‌ನ ಲೋನ್ ಕಂತು ಕಟ್ಟಲಿಕ್ಕೇ ಒದ್ದಾಡುವ ಹುಡುಗ ಅದನ್ನು ಎಲ್ಲಿಂದ ತರುತ್ತಾನೆ?

ಲೈಸೆನ್ಸು? ಪೊಲೀಸ್ ವರದಿ ಬೇಕು. ಹೋರಾಟದಲ್ಲಿ ಇರುವ ನಮ್ಮವರಲ್ಲಿ ಮೇಲೆ ಒಂದೂ ಕೇಸಿಲ್ಲದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ರಸ್ತೆ ತಡೆದದ್ದಕ್ಕೆ ಒಂದು, ನಾವು ದೌರ್ಜನ್ಯದ ದೂರು ಕೊಟ್ಟ ಮರುದಿನ ಅವರು ಕೊಟ್ಟ ಪ್ರತಿದೂರಿಗೆ ಇನ್ನೊಂದು. ವರದಿಯಲ್ಲಿ ಅದೇ ಬರುತ್ತದೆ. ಲೈಸೆನ್ಸ್ ಇಲ್ಲದೆ ಯಾರೋ ಕೊಡುವ ಕಂಟ್ರಿ ಪಿಸ್ತೂಲಿಗೆ ಕೈ ಚಾಚಿದರೆ, 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, 5 ವರ್ಷದವರೆಗೆ ಜೈಲು. ಸರ್ವೆ ಅರ್ಜಿಯ ಮೊದಲ ಸಹಿ ಜೈಲಿಗೆ ಹೋದರೆ ಖುಷಿಪಡುವವರು ಯಾರು ಅಂತ ನಾನು ಹೇಳಬೇಕಾ?

ಇನ್ನು, ಅದು ಉಪಯೋಗಕ್ಕೆ ಬರುತ್ತದಾ? 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನೂ 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು 7.65 ಎಂ.ಎಂ. ಗುಂಡು. ಅಂದರೆ ಹೆಚ್ಚುಕಡಿಮೆ ಇದೇ .32. ಇಬ್ಬರನ್ನೂ ಹೊಡೆದದ್ದು ಅವರವರ ಮನೆಬಾಗಿಲಲ್ಲಿ. ಅವರ ಸೊಂಟದಲ್ಲಿ ಗನ್ ಇದ್ದಿದ್ದರೂ ಕೈ ಅಲ್ಲಿಗೆ ಹೋಗುವಷ್ಟು ಹೊತ್ತು ಸಿಗುತ್ತಿತ್ತಾ? 2022ರ ಜುಲೈಯಲ್ಲಿ ಬೆಳ್ಳಾರೆ ಕಡೆ ಇಬ್ಬರು, ಸುರತ್ಕಲ್‌ನಲ್ಲಿ ಒಬ್ಬ, ಹತ್ತು ದಿನದೊಳಗೆ ಮೂವರು ಯುವಕರು ಸತ್ತರು. ಒಂದೂ ಗುಂಡಿನ ಸಾವಲ್ಲ. ಕೊಲ್ಲಲು ಬರುವವ ಗುಂಪು ಕಟ್ಟಿಕೊಂಡು, ಹೊತ್ತು ನೋಡಿಕೊಂಡು ಬರುತ್ತಾನೆ.

ಅಕಸ್ಮಾತ್ ನಮ್ಮವನ ಗುಂಡೇ ಮೊದಲು ಹಾರಿತು ಅಂತಿಟ್ಟುಕೊಳ್ಳಿ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿ ಉಂಟು. ಅದನ್ನು ಸಾಬೀತು ಮಾಡುವ ತನಕ ಅವನು ಜೈಲಿನಲ್ಲಿ, ಅವನ ಹೆಂಡತಿ ಕಾಲೋನಿಯಲ್ಲಿ ಒಬ್ಬಳೇ. ಆ ರಾತ್ರಿ ಕಾಲೋನಿಗೆ ಯಾರು ಬರುತ್ತಾರೆ ಅಂತ ಯೋಚನೆ ಮಾಡಿ.

ಇಲ್ಲಿಗೆ ನಿಲ್ಲಿಸಿದರೆ ನಾನು ಶಾಂತಿಮಂತ್ರ ಹೇಳಿದ ಹಾಗೆ ಆಗುತ್ತದೆ. ಆದರೆ ನಮ್ಮ ಊರಿನಲ್ಲಿ ಗನ್ ಇಲ್ಲದೆ ಏನಿಲ್ಲ. ತುಂಬ ಉಂಟು. ಕೋವಿ. ತುಳುವಿನಲ್ಲಿ ಬೆಡಿ. ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳು ಅಜ್ಜನ ಕಾಲದಿಂದ ಗೋಡೆಯಲ್ಲಿ ನೇತಾಡುತ್ತಿವೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸು. ಅದು ಸುಳ್ಳು ಕಾರಣ ಅಂತ ನಾನು ಹೇಳುವುದಿಲ್ಲ. ಕಾಡುಹಂದಿ, ಮಂಗನ ಕಾಟ ನಿಜ. ನಾಲ್ಕು ಅಡಿಕೆ ಮರ ಇರುವ ನಮ್ಮವರಿಗೂ ಅದೇ ಕಾಟ. 2023ರಲ್ಲಿ ರೆಂಜಿಲಾಡಿಯಲ್ಲಿ ಆನೆ ಇಬ್ಬರನ್ನು ಕೊಂದದ್ದು ಯಾರೂ ಮರೆತಿಲ್ಲ.

ಆದರೆ ಆ ಲೈಸೆನ್ಸಿಗೆ ಅರ್ಜಿ ಹಾಕುವಾಗ ಎಂತ ಕೇಳುತ್ತಾರೆ ನೋಡಿ. ಜಾಗ ಎಲ್ಲಿ, ಎಷ್ಟು? ಪಹಣಿ ತಾ. ಜಾಗ ಇದ್ದವನಿಗೆ ಬೆಳೆ, ಬೆಳೆ ಇದ್ದವನಿಗೆ ಕೋವಿ. ಜಾಗವೇ ಇಲ್ಲದವನಿಗೆ ಕಾಯಲಿಕ್ಕೆ ಏನೂ ಇಲ್ಲ ಅಂತ ಲೆಕ್ಕ. ನಮಗೆಂದು ಬ್ರಿಟಿಷರ ಕಾಲದಲ್ಲಿ ಕಲೆಕ್ಟರರು ಕಾದಿರಿಸಿದ ಡಿ.ಸಿ. ಮನ್ನಾ ಜಾಗದಲ್ಲಿ ಇವತ್ತು ಯಾರ್‍ಯಾರ ಅಡಿಕೆ, ಯಾರ್‍ಯಾರ ರಬ್ಬರ್ ಬೆಳೆದಿದೆ? ನಮ್ಮ ಜಾಗದಲ್ಲಿ ಅವರ ಬೆಳೆ, ಆ ಬೆಳೆ ಕಾಯಲಿಕ್ಕೆ ಅವರ ಕೋವಿ!

ನಾನೇ ಕಂಡದ್ದು ಹೇಳುತ್ತೇನೆ. ಊರಿನ ಹೆಸರು ಬೇಡ, ಕೇಸು ನಡೆಯುತ್ತಾ ಉಂಟು. ಅಂಥದ್ದೇ ಒಂದು ಜಾಗದ ಬದಿಯಲ್ಲಿ ನಾವು ಇಪ್ಪತ್ತು ಜನ ಸೇರಿ ಗಡಿಕಲ್ಲು ಹುಡುಕುತ್ತಿದ್ದೆವು. ಪಕ್ಕದ ತೋಟದ ಯಜಮಾನರು ಹೆಗಲಿಗೆ ಕೋವಿ ಹಾಕಿಕೊಂಡು ಬಂದು ತೋಡಿನ ಆಚೆ ನಿಂತರು. ಬೈಯಲಿಲ್ಲ. ಜಾತಿ ಹೆಸರು ಎತ್ತಲಿಲ್ಲ. "ಹಂದಿ ಬಂದಿದೆ ಅಂತ ಹೇಳಿದರು, ನೋಡಲಿಕ್ಕೆ ಬಂದದ್ದು" ಅಂದರು. ಅಷ್ಟೇ. ನಮ್ಮ ಹೆಂಗಸರು ಒಬ್ಬೊಬ್ಬರೇ ಕತ್ತಿ, ಬುಟ್ಟಿ ಎತ್ತಿಕೊಂಡು ಮನೆಗೆ ಹೋದರು. ಅರ್ಧ ಗಂಟೆಯಲ್ಲಿ ನಾವು ಐದು ಜನ ಉಳಿದೆವು. ಯಾವ ಸೆಕ್ಷನ್ ಹಾಕುವುದು ಇದಕ್ಕೆ? ಗುಂಡು ಹಾರಿಲ್ಲ, ಬೆದರಿಕೆಯ ಮಾತಿಲ್ಲ, ಕೋವಿಗೆ ಲೈಸೆನ್ಸ್ ಉಂಟು. ದೂರು ಕೊಡಲು ಹೋದಾಗ "ಅವರು ಏನೂ ಮಾಡಲಿಲ್ಲವಲ್ಲ" ಅಂತ ನಮ್ಮನ್ನೇ ಕೇಳಿದರು.

ನನ್ನ ಸೊಂಟದಲ್ಲಿ ಆವತ್ತು ಒಂದು ರಿವಾಲ್ವರ್ ಇದ್ದಿದ್ದರೆ? ಹೆಂಗಸರು ಇನ್ನೂ ಬೇಗ ಹೋಗುತ್ತಿದ್ದರು. ಕೇಸು ನನ್ನ ಮೇಲೆ ಆಗುತ್ತಿತ್ತು.

ಸಂಪಾಜೆ ದಾಟಿ ಕೊಡಗಿಗೆ ಹೋದರೆ ಇದೇ ಕಥೆ ಇನ್ನೂ ಸ್ಪಷ್ಟ. 1861ರಲ್ಲಿ ಕಬ್ಬನ್ ಕೊಟ್ಟ ವಿನಾಯಿತಿಯಿಂದ ಶುರುವಾಗಿ, ಇವತ್ತಿಗೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಡಲು ಲೈಸೆನ್ಸ್ ಬೇಡ. ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟು ಸರಿ ಅಂದಿದೆ. ಅವರ ಕೋವಿಪೂಜೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದೇ ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿರುವ ಎರವರಿಗೆ, ಪಣಿಯರಿಗೆ ಆ ವಿನಾಯಿತಿ ಇಲ್ಲ. ಜಾಗ ಮತ್ತು ಹುಟ್ಟು, ಈ ಎರಡನ್ನು ನೋಡಿಯೇ ಕೋವಿ ಕೊಡುವುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೆಲವರು ಕೇಳಬಹುದು: "ಅಣ್ಣ, ನಮಗೆ ಆಯುಧ ಕೊಡದೇ ಇದ್ದದ್ದೇ ಜಾತಿಯ ಕುತಂತ್ರ ಅಂತ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಬರೆದಿದ್ದಾರಲ್ಲ, ನೀವು ನಮ್ಮನ್ನು ಬರಿಗೈಯಲ್ಲಿ ಇರು ಅಂತ ಹೇಳುವುದಾ?" ಒಳ್ಳೆಯ ಪ್ರಶ್ನೆ. ಆಯುಧ ಹಿಡಿಯಲಾಗದವ ತಿರುಗಿ ಬೀಳಲಾರ ಅಂತ ಅವರು ಹೇಳಿದ್ದು ಹೌದು. ವಿದ್ಯೆ ನಿರಾಕರಿಸಿದ್ದನ್ನೂ ಅವರು ಅಲ್ಲೇ ಹೇಳಿದ್ದಾರೆ. ನಮ್ಮ ಕೈಯಲ್ಲಿರುವ ಕಾನೂನಿನಲ್ಲಿ ಕೋವಿಯ ಬಗ್ಗೆ ಎಂತ ಬರೆದಿದೆ ಅಂತ ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ?

1989ರ ದೌರ್ಜನ್ಯ ತಡೆ ಕಾಯ್ದೆಯ ಅಡಿ 1995ರಲ್ಲಿ ಬಂದ ನಿಯಮಗಳು. ನಿಯಮ 3 ತೆಗೆಯಿರಿ. ದೌರ್ಜನ್ಯ ಆಗಬಹುದಾದ ಪ್ರದೇಶವನ್ನು ಸರ್ಕಾರ ಗುರುತಿಸಬೇಕು. ಆಮೇಲೆ ಅಗತ್ಯ ಕಂಡರೆ, ಆ ಪ್ರದೇಶದಲ್ಲಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರ, ಅವರ ಹತ್ತಿರದ ಸಂಬಂಧಿಕರ, ಕೆಲಸದವರ ಬಂದೂಕಿನ ಲೈಸೆನ್ಸ್ ರದ್ದು ಮಾಡಿ, ಆಯುಧಗಳನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಜಮಾ ಮಾಡಿಸಬೇಕು. ಅಕ್ರಮ ಬಂದೂಕುಗಳನ್ನು ವಶಪಡಿಸಿಕೊಳ್ಳಬೇಕು. ಅದಾದ ಮೇಲೆ, ಅಗತ್ಯ ಕಂಡರೆ, ನಮ್ಮವರ ಪ್ರಾಣ, ಆಸ್ತಿ ರಕ್ಷಣೆಗೆ ಆಯುಧದ ಲೈಸೆನ್ಸ್ ಕೊಡಬೇಕು. ಹೌದು, ಇದು ಕಾನೂನಿನಲ್ಲೇ ಉಂಟು, ನಾನು ಕೈಯಿಂದ ಹಾಕಿದ್ದಲ್ಲ. ಕ್ರಮ ನೋಡಿ: ಅವರ ಕೋವಿ ಇಳಿಸುವುದು ಮೊದಲು, ನಮಗೆ ಕೊಡುವುದು ಆಮೇಲೆ. ನಮ್ಮ ಹುಡುಗರು ಕೊನೆಯ ಮೆಟ್ಟಿಲಿನಿಂದ ಹತ್ತಲು ಹೊರಟಿದ್ದಾರೆ.

"ಅದೆಲ್ಲ ಆಗುವ ಮಾತಾ?" ಅಂತ ಕೇಳಬೇಡಿ. ಪ್ರತಿ ಚುನಾವಣೆಗೆ ಎಂತ ಆಗುತ್ತದೆ? ನೀತಿಸಂಹಿತೆ ಬಂದ ಕೂಡಲೇ ಕೋವಿ ಠೇವಣಿ ಇಡಿ ಅಂತ ಆದೇಶ. ಯಜಮಾನರುಗಳೇ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಠಾಣೆಯ ಎದುರು ಕ್ಯೂ ನಿಲ್ಲುತ್ತಾರೆ. ಬೆಳೆಗಾರರು ಆಕ್ಷೇಪ ಎತ್ತುತ್ತಾರೆ, ಕೆಲವರು ಹೈಕೋರ್ಟಿಗೂ ಹೋಗಿದ್ದಾರೆ, ಅದು ಅವರ ಹಕ್ಕು. ನನ್ನ ಪ್ರಶ್ನೆ ಇಷ್ಟೇ. ಮತ ಹಾಕುವ ಒಂದು ದಿನ ಜನ ಹೆದರಬಾರದು ಅಂತ ಇಡೀ ಜಿಲ್ಲೆಯ ಕೋವಿ ಇಳಿಸಲು ಆಗುತ್ತದೆ. ನಮ್ಮ ಜಾಗದ ಸರ್ವೆ ಆಗುವ ಒಂದು ವಾರ ಒಂದು ಗ್ರಾಮದ ಕೋವಿ ಇಳಿಸಲು ಯಾಕೆ ಆಗುವುದಿಲ್ಲ? ಎಲ್ಲ ಕೃಷಿಕರ ಕೋವಿ ಕಿತ್ತುಕೊಳ್ಳಿ ಅಂತ ನಾನು ಕೇಳುತ್ತಿಲ್ಲ. ಗುರುತಿಸಿದ ಗ್ರಾಮ, ಗುರುತಿಸಿದ ಅವಧಿ, ಅಷ್ಟು ಮಾತ್ರ.

ಹಾಗಾಗಿ ಮಾಡಬೇಕಾದದ್ದು ಹೀಗೆ.

ಒಂದು: ನಿಮ್ಮ ಗ್ರಾಮವನ್ನು ನಿಯಮ 3ರಡಿ ಗುರುತಿಸಿ, ಸರ್ವೆ ಮುಗಿಯುವ ತನಕ ಕೋವಿಗಳನ್ನು ಜಮಾ ಮಾಡಿಸಿ ಅಂತ ಜಿಲ್ಲಾಧಿಕಾರಿಗೆ ಲಿಖಿತ ಮನವಿ. ಪ್ರತಿ ಎಸ್‌ಪಿಗೆ ಮತ್ತು ಪುತ್ತೂರು ಎಸಿಗೆ. ಬೈಕ್ ಬಂದ ದಿನ, ಗಂಟೆ, ಕಂಡವರು ಯಾರು, ಎಲ್ಲ ಬರೆಯಿರಿ. ಸ್ವೀಕೃತಿ ಸೀಲ್ ಹಾಕಿಸದೆ ಆಫೀಸಿನಿಂದ ಹೊರಗೆ ಬರಬೇಡಿ.

ಎರಡು: ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಅದೇ ನಿಯಮಗಳಲ್ಲಿ ಉಂಟು. ಆ ಸಭೆಯ ನಡವಳಿಯಲ್ಲಿ ನಮ್ಮ ಮನವಿ ದಾಖಲಾಗಬೇಕು. ಪೊಲೀಸರ ದಲಿತ ಕುಂದುಕೊರತೆ ಸಭೆಯಲ್ಲಿ ಚಾ ಕುಡಿದು ಬರುವುದಲ್ಲ, ಎದ್ದು ನಿಂತು ಇದನ್ನು ಓದಿ.

ಮೂರು: ಸಾಕ್ಷಿ ಹೇಳುವವರಿಗೆ ರಕ್ಷಣೆ ಕೇಳುವ ಹಕ್ಕು ಕಾಯ್ದೆಯ 15ಎ ಕಲಂನಲ್ಲಿ ಉಂಟು. ಕರ್ತವ್ಯ ಮಾಡದ ಅಧಿಕಾರಿಗೆ ಶಿಕ್ಷೆ 4ನೇ ಕಲಂನಲ್ಲಿ ಉಂಟು. ಇವೆರಡನ್ನೂ ಮನವಿಯಲ್ಲಿ ನಮೂದಿಸಿ.

ನಾಲ್ಕು: ಇಷ್ಟಾದ ಮೇಲೂ ಬೇಕು ಅನ್ನಿಸಿದರೆ ಆಯುಧದ ಲೈಸೆನ್ಸಿಗೂ ಅರ್ಜಿ ಹಾಕಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು ಅಂತ ಶಸ್ತ್ರ ಕಾಯ್ದೆಯ 14ನೇ ಕಲಂ ಹೇಳುತ್ತದೆ, ಮೇಲ್ಮನವಿಗೂ ಅವಕಾಶ ಉಂಟು. "ಇವರಿಗೆ ಅಪಾಯ ಇಲ್ಲ" ಅಂತ ಒಬ್ಬ ಅಧಿಕಾರಿ ಸಹಿ ಹಾಕಿ ಕೊಡಲಿ. ನಾಳೆ ಏನಾದರೂ ಆದರೆ ಆ ಸಹಿಗೆ ಉತ್ತರ ಕೊಡಬೇಕಾಗುತ್ತದೆ.

ಕಾಗದದಿಂದ ಎಂತ ಆಗುತ್ತದೆ ಅನ್ನುವವರಿಗೆ ಕೊಪ್ಪಳದ ಮರಕುಂಬಿ ನೆನಪಿಸುತ್ತೇನೆ. 2014ರಲ್ಲಿ ಗುಡಿಸಲು ಸುಟ್ಟರು. 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಆಯಿತು. ಆಮೇಲೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿದ್ದೂ ಗೊತ್ತುಂಟು, ದಾರಿ ಇನ್ನೂ ಉದ್ದ ಉಂಟು. ಕಂಬಾಲಪಲ್ಲಿಯಲ್ಲಿ ಏಳು ಜನರನ್ನು ಸುಟ್ಟ ಕೇಸಿನಲ್ಲಿ ಎಲ್ಲರೂ ಬಿಡುಗಡೆಯಾದದ್ದೂ ಮರೆತಿಲ್ಲ. ಆದರೆ ಮರಕುಂಬಿಯಲ್ಲಿ ಹತ್ತು ವರ್ಷ ಹೆದರದೆ ನಿಂತು ಸಾಕ್ಷಿ ಹೇಳಿದ ನಮ್ಮ ಜನರ ಕೈಯಲ್ಲಿ ರಿವಾಲ್ವರೂ ಇರಲಿಲ್ಲ, ಪಿಸ್ತೂಲೂ ಇರಲಿಲ್ಲ.

ತಮ್ಮಾ, ನೀನು ಇದನ್ನು ಓದುತ್ತಿ ಅಂತ ಗೊತ್ತುಂಟು. ಮನವಿಯ ಕರಡು ರೆಡಿ ಮಾಡಿದ್ದೇನೆ. ಸೋಮವಾರ ಬೆಳಿಗ್ಗೆ 10.30ಕ್ಕೆ ಪುತ್ತೂರು ಎಸಿ ಆಫೀಸಿನ ಎದುರು ಬಾ, ಸರ್ವೆ ಅರ್ಜಿಯ ಝೆರಾಕ್ಸ್ ತಾ. ನಿನ್ನ ಸಹಿಯ ಕೆಳಗೆ ಈ ಸಲ ನನ್ನದೂ ಇರುತ್ತದೆ. ಬರಲಿಕ್ಕೆ ಆಗುವವರು ಎಲ್ಲರೂ ಬನ್ನಿ. ಅಲ್ಲಿಯ ತನಕ ರಾತ್ರಿ ಅವನ ಮನೆಯ ಜಗಲಿಯಲ್ಲಿ ಮಲಗಲಿಕ್ಕೆ ಇಬ್ಬರು ಹುಡುಗರು ಬೇಕು. ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.