ಬೂಟ್ ಡಿಸ್ಕ್ ಯಾರ ಬೀರುವಿನಲ್ಲಿದೆ?



ಹಳೆಯ ಗಣಕಯಂತ್ರ ಕೆಟ್ಟಿತೆಂದರೆ ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬೇಕೆಂಬುದು ಇಂದಿನ ವೇದವಾಕ್ಯ. ಬೆಂಗಳೂರಿನಲ್ಲಿ ದುಡಿಯುವ ನಿಮ್ಮಲ್ಲಿ ಹಲವರು ಹೀಗೆಯೇ ಹೇಳುತ್ತೀರಿ. ನಾನು ಇದನ್ನು ಒಪ್ಪಲಾರೆ. ನಮ್ಮ ಬೈರಾಪಟ್ಟಣದಂಥ ಊರುಗಳ ಶಾಲೆಗಳಿಗೆ, ಸಂಘಗಳಿಗೆ ಇದರಿಂದ ಹಣ ಮಾತ್ರವಲ್ಲ, ನೆನಪೂ ನಷ್ಟವಾಗುತ್ತದೆ.

1998ರಲ್ಲಿ ‘ಬರಹ’ ಬಂದಿತು; ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಆ ಕಾಲದ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಫಾಂಟನ್ನು ಹೊಸ ಯಂತ್ರಕ್ಕೂ ಹಾಕಬಹುದು, ನಿಜ. ಆದರೆ ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ ಸ್ಮರಣ ಸಂಚಿಕೆಗಳ ಗತಿಯೇನು? 2001ರ 7.0 ಅದರ ಕೊನೆಯ ಪ್ರಮುಖ ಆವೃತ್ತಿ. ಅದು ತೊಡಕಿಲ್ಲದೆ ನಡೆಯುವುದು ತನ್ನ ಕಾಲದ ವಿಂಡೋಸಿನಲ್ಲಿಯೇ.

ಆ ವಿಂಡೋಸನ್ನು ಮರಳಿ ಸ್ಥಾಪಿಸುವುದು ಬ್ರಹ್ಮವಿದ್ಯೆಯಲ್ಲ. ಹಳೆಯ ಹಾರ್ಡ್ ಡಿಸ್ಕನ್ನು ಮೊದಲು ಕಳಚಿ, ಅದರ ಕಡತಗಳನ್ನು ನಕಲು ಮಾಡಿಟ್ಟುಕೊಳ್ಳಬೇಕು. ಅನಂತರ ಬೇರೊಂದು ಡಿಸ್ಕನ್ನು ಜೋಡಿಸಿ, ವಿಂಡೋಸ್ 98ರ ಬೂಟ್ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಬೇಕು. 1.44 ಎಂ.ಬಿ.ಯ ಆ ಪುಟ್ಟ ಚೌಕ ಸಿ.ಡಿ. ಡ್ರೈವನ್ನು ಯಂತ್ರಕ್ಕೆ ಪರಿಚಯಿಸುತ್ತದೆ. ಮೆಮೊರಿಯಲ್ಲಿ ತಾತ್ಕಾಲಿಕ ಡ್ರೈವೊಂದನ್ನೂ ರಚಿಸುವುದರಿಂದ ‘ಡಿ’ ಆಗಿದ್ದ ಸಿ.ಡಿ. ‘ಇ’ ಆಗುತ್ತದೆ; ಅನೇಕರು ದಿಕ್ಕುಗೆಡುವುದು ಇಲ್ಲಿಯೇ. ಎಫ್‌ಡಿಸ್ಕ್‌ನಿಂದ ವಿಭಾಗಿಸಿ, ಫಾರ್ಮ್ಯಾಟ್ ಮಾಡಿ, ಸೆಟಪ್ ನಡೆಸಿ, 25 ಅಕ್ಷರಗಳ ಕೀಲಿಯನ್ನು ಕೊಟ್ಟರಾಯಿತು. ಹತ್ತನೆಯ ತರಗತಿಯ ಮಗುವಿಗೆ ಮೀರಿದ್ದು ಇದರಲ್ಲಿ ಏನಿದೆ?

ಮೀರಿದ್ದು ಒಂದೇ: ಡಿಸ್ಕ್ ಶಾಲೆಯಲ್ಲಿ ಇಲ್ಲದಿರುವುದು. ಯಂತ್ರ ಶಾಲೆಯದು, ಡಿಸ್ಕ್ ಮತ್ತು ಕೀಲಿ ರಿಪೇರಿಯವನ ಚೀಲದಲ್ಲಿ ಎಂಬ ಏರ್ಪಾಡನ್ನು ನಾವು ಪ್ರಶ್ನಿಸಲೇ ಇಲ್ಲ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿ ತನ್ನ ಉಳಿಯನ್ನು ತಾನೇ ಮಸೆಯುತ್ತಾನೆ. ಮಸೆಯಲು ಪರರಿಗಾಗಿ ಕಾಯುವವನ ಕಸುಬು ಉಳಿಯದು. ನೆರೆಯ ಕೇರಳವನ್ನು ನೋಡಿ. ಅಲ್ಲಿನ ‘ಐ.ಟಿ. ಅಟ್ ಸ್ಕೂಲ್’ ಯೋಜನೆ ಶಾಲೆಗಳಿಗೆಂದೇ ಲಿನಕ್ಸನ್ನು ಅಣಿಗೊಳಿಸಿ ಹಂಚಿತು, ಅದರ ಬಳಕೆಯಲ್ಲಿ ಶಿಕ್ಷಕರನ್ನು ತರಬೇತುಗೊಳಿಸಿತು. ಕಾಸರಗೋಡಿನ ಕನ್ನಡ ಮಕ್ಕಳೂ ಆ ರಾಜ್ಯದ ಶಾಲೆಗಳಲ್ಲಿಯೇ ಓದುವವರು.

ಹಳೆಯ ವ್ಯವಸ್ಥೆ ಅಪಾಯಕಾರಿ ಎಂದು ನೀವು ವಾದಿಸುವಿರಿ. ವಾದ ಸರಿಯಾದುದೇ. ವಿಂಡೋಸ್ 98ಕ್ಕೆ 2006ರ ಜುಲೈನಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ರಕ್ಷಣೆ ನಿಂತಿತು. ಆದ್ದರಿಂದ ಅಂಥ ಯಂತ್ರಕ್ಕೆ ಅಂತರ್ಜಾಲದ ತಂತಿ ಸೋಕಕೂಡದು. ಅದರ ಕೆಲಸ ಹಳೆಯ ಕಡತವನ್ನು ತೆರೆದು, ಯೂನಿಕೋಡಿಗೆ ಪರಿವರ್ತಿಸಲು ಹೊರಗೆ ಕೊಡುವುದಷ್ಟೇ. ಅಪಾಯವಿದೆಯೆಂದು ಬಾವಿಗೆ ಕಟ್ಟೆ ಕಟ್ಟುತ್ತೇವೆ, ಬಾವಿಯನ್ನೇ ಮುಚ್ಚುವುದಿಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. 11ನ್ನು ಹೊರಲಾರದ ಯಂತ್ರಗಳನ್ನು ಗುಜರಿಗೆ ಸಾಗಿಸುವ ಉತ್ಸಾಹ ಈಗ ಮತ್ತೆ ಹುಟ್ಟಿದೆ. ಅವುಗಳಲ್ಲಿ ಬಹಳಷ್ಟು ಲಿನಕ್ಸಿನಿಂದ ಇನ್ನೂ ವರ್ಷಗಟ್ಟಲೆ ದುಡಿಯಬಲ್ಲವು.

ಶಾಲೆಯ ದಾಸ್ತಾನು ವಹಿಯಲ್ಲಿ ಮೇಜು, ಕುರ್ಚಿ, ಗಣಕಯಂತ್ರಗಳನ್ನು ಎಣಿಸಿ ಬರೆಯುತ್ತೇವೆ. ಡಿಸ್ಕ್, ಕೀಲಿ ಮತ್ತು ಡ್ರೈವರ್‌ಗಳಿಗೂ ಅಲ್ಲೊಂದು ಸಾಲು ಇರಲಿ. ಫ್ಲಾಪಿ ಬೂಷ್ಟು ಹಿಡಿಯುವ ಮೊದಲೇ ಅದರ ನಕಲು ಸಿದ್ಧವಿರಲಿ. ಆ ಸಾಲು ಇಲ್ಲದ ಶಾಲೆ ಗಣಕಯಂತ್ರದ ಒಡೆಯನಲ್ಲ, ಬಾಡಿಗೆದಾರ.