ಗೋಡೆಯ ಒಳಗುಟ್ಟು ಹೇಳುವ ಗಾಜಿನೆಳೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳದು ಸುಣ್ಣಕಲ್ಲಿನ ಸೀಮೆ. ಇಲ್ಲಿಯ ಹಾಸುಗಲ್ಲು ‘ಶಹಾಬಾದಿ ಫರಸಿ’ ಎಂಬ ಹೆಸರಿನಿಂದ ದೂರದೂರುಗಳ ಅಡುಗೆಮನೆಗಳನ್ನೂ ಸೇರಿದೆ. ಸುಣ್ಣಕಲ್ಲು ಜೇಡಿಯೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಂದು, ಪುಡಿಯಾಗಿ, ಸಿಮೆಂಟೆನಿಸುತ್ತದೆ.

ಸಿಮೆಂಟಿನ ಕ್ಷಾರಗುಣವೇ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಕವಚ. ವರ್ಷಗಳುರುಳಿದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಸೇರಿ ಆ ಕ್ಷಾರವನ್ನು ಕುಂದಿಸುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಗಾರೆ ಉದುರುವ ವೇಳೆಗೆ ರೋಗ ಬಲಿತಿರುತ್ತದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿದಾಗ ಜನ ಮನೆಯೊಳಗೆ ಮಲಗಲು ಅಂಜಿದರು. ಗೋಡೆಯ ಒಳಸ್ಥಿತಿ ಬಲ್ಲವರಾರು?

ಇದನ್ನು ತಿಳಿಯುವ ಒಂದು ಉಪಾಯ ಆಪ್ಟಿಕಲ್ ಫೈಬರ್, ಎಂದರೆ ಬೆಳಕನ್ನು ಸಾಗಿಸುವ ಗಾಜಿನೆಳೆ. ಸಾಮಾನ್ಯವಾಗಿ ಅದರ ದಪ್ಪ 125 ಮೈಕ್ರಾನ್. ಬೆಳಕು ಅದರ ನಡುತಿರುಳಿನಲ್ಲೇ ಹರಿಯುವುದರಿಂದ ಹೊರಗಿನ ಸುದ್ದಿ ಅದಕ್ಕೆ ತಾಗದು. ಗೃಹಿಣಿ ಬೆರಳುಗಳ ನಡುವೆ ಪಾಕದ ಎಳೆ ನೋಡುವಂತೆ, ಗಾಜಿನೆಳೆಯನ್ನು ಜ್ವಾಲೆಯಲ್ಲಿ ಕಾಯಿಸಿ ಎರಡೂ ತುದಿಗಳನ್ನು ಎಳೆದರೆ ನಡು ಸಣ್ಣಗಾಗುತ್ತದೆ. ಕೆಲವೇ ಮೈಕ್ರಾನಿನ ಆ ನಡುವಿನಲ್ಲಿ ಬೆಳಕಿನ ಒಂದಂಶ ಗಾಜಿನ ಹೊರಮೈಯನ್ನು ಸವರುತ್ತ ಸಾಗುತ್ತದೆ. ಸುತ್ತಲಿನ ದ್ರವ ಬದಲಾದರೆ ಬೆಳಕೂ ಬದಲಾಗುತ್ತದೆ.

ಆಕಾರದ ಮಹತ್ವ ಇಲ್ಲಿದೆ. ನಡು ಸಣ್ಣಗಾದಷ್ಟೂ ಸೂಕ್ಷ್ಮತೆ ಹೆಚ್ಚು, ಮುರಿಯುವ ಭಯವೂ ಹೆಚ್ಚು. ಇಳಿಜಾರು ನಿಧಾನವಾಗಿದ್ದರೆ ಬೆಳಕು ಪೋಲಾಗುವುದು ಕಡಿಮೆ. ಥಟ್ಟನೆ ಇಳಿದರೆ ಬೆಳಕು ಹಲವು ಬಗೆಯಾಗಿ ಒಡೆದು, ಮುಂದೆ ಮತ್ತೆ ಕೂಡುತ್ತದೆ. ಆ ಕೂಡುವಿಕೆಯ ಏರಿಳಿತವೇ ಕೆಲವು ಸಂವೇದಕಗಳಿಗೆ ಅಳತೆಗೋಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಳೆಯ ಹೊರಪದರವನ್ನು ರಾಸಾಯನಿಕದಿಂದ ಕರಗಿಸಿ ತೆಳುಗೊಳಿಸುವ ಬೇರೊಂದು ವಿಧಾನದಲ್ಲಿಯೂ ಸಂಶೋಧನೆ ನಡೆದಿದೆ.

ಇನ್ನು ವಸ್ತು. ಪ್ಲಾಸ್ಟಿಕ್ ಎಳೆ ಸುಲಭವಾಗಿ ಬಾಗುತ್ತದೆ, ಆದರೆ ಕಾವನ್ನು ತಾಳದು. ಗಾಜು ಕಾವನ್ನು ತಾಳುತ್ತದೆ. ಆದರೆ ಕಬ್ಬಿಣವನ್ನು ಕಾಯುವ ಕ್ಷಾರವೇ ಬೆತ್ತಲೆ ಗಾಜನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಆದುದರಿಂದ ಎಳೆಯನ್ನು ಕಾಪಾಡುವ, ಆದರೆ ಸುದ್ದಿಯನ್ನು ತಡೆಯದ ಲೇಪವೊಂದು ಬೇಕು. ಕ್ಷಾರದ ಏರಿಳಿತವನ್ನೇ ಗುರುತಿಸುವುದೂ ಆ ಲೇಪದ ಕೆಲಸ.

ಇಂಥ ಎಳೆ ಮನೆಮನೆಗೆ ಬರುವವರೆಗೆ, ಛಾವಣಿಯಲ್ಲಿ ಕಂದುಗೆಂಪು ಕಲೆ ಕಂಡರೆ, ಗಾರೆ ತಟ್ಟಿದಾಗ ಟೊಳ್ಳುಸದ್ದು ಕೇಳಿದರೆ, ಸುಣ್ಣ ಬಳಿದು ಮುಚ್ಚದೆ ಬಲ್ಲವರನ್ನು ಕರೆಯುವುದೇ ಜಾಣತನ.