ಜುಟ್ಟಿಗೆ ಮಲ್ಲಿಗೆ ಹೂವು

ಮೊನ್ನೆ ನಮ್ಮ ಟೀಮಿನಲ್ಲಿ ಎರಡು ದಿನ ನಡೆದ ಚರ್ಚೆ ಏನು ಗೊತ್ತಾ? ಸ್ಕ್ರಾಲ್ ಮಾಡಿದಾಗ ಆಪ್‌ನ ಶೀರ್ಷಿಕೆ 28ರಿಂದ 20ಕ್ಕೆ ಎಷ್ಟು ನಯವಾಗಿ ಕುಗ್ಗಬೇಕು ಅಂತ!

ಕೊನೆಗೆ ಮಾಡಿದ್ದು ಪ್ರತಿ ಫ್ರೇಮಿಗೂ ಫಾಂಟ್ ಸೈಜ್ ಬದಲಿಸುವ ಕೆಲಸ. ಆಂಡ್ರಾಯ್ಡ್‌ನಲ್ಲಿ ಹಾಗೆ ಮಾಡಿದರೆ ಪ್ರತಿಸಲವೂ ಪಠ್ಯವನ್ನು ಅಳೆದು ಲೇಔಟ್ ಮಾಡಬೇಕು. 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16 ಚಿಲ್ಲರೆ ಮಿಲಿಸೆಕೆಂಡ್. ಅಗ್ಗದ ಫೋನಿನಲ್ಲಿ ಶೀರ್ಷಿಕೆ ಕುಗ್ಗುವುದಿಲ್ಲ ಸ್ವಾಮಿ, ಎಡವುತ್ತದೆ. ಸಾಲು ಮುರಿಯುವ ಜಾಗ ಬದಲಾದರಂತೂ ಪದಗಳು ಮೇಲಕ್ಕೂ ಕೆಳಕ್ಕೂ ಹಾರುತ್ತವೆ. ಲೇಔಟ್ ಮುಟ್ಟದೆ ಸ್ಕೇಲ್ ಮಾಡಿದ್ದರೆ ಸಾಕಿತ್ತು.

ನನ್ನ ಸಿಟ್ಟು ಅದಕ್ಕಲ್ಲ. ಅಪ್ಪನ ಫೋನಿನಲ್ಲಿ ಅಕ್ಷರದ ಗಾತ್ರವನ್ನು ಪೂರ್ತಿ ಏರಿಸಿಟ್ಟಿದ್ದೇನೆ. ಆಂಡ್ರಾಯ್ಡ್ 14 (2023) ಬಂದಮೇಲೆ ಶೇ. 200ರವರೆಗೂ ಏರಿಸಬಹುದು. ನಮ್ಮ ಆಪ್ ತೆರೆದ ಅಪ್ಪ, "ನಂಬರ್ ಜಾಸ್ತಿಯಾಗಿದೆ ಕಣೋ, ಕನ್ನಡಕ ಬದಲಿಸ್ಬೇಕು" ಅಂದರು.

ತಪ್ಪು ಅವರ ಕಣ್ಣಿನದಲ್ಲ, ನಮ್ಮದು! ಬಳಕೆದಾರರ ಸೆಟ್ಟಿಂಗಿಗೆ ತಕ್ಕಂತೆ ಹಿಗ್ಗುವ ಎಸ್‌ಪಿ ಬಿಟ್ಟು, ಅದಕ್ಕೆ ಜಗ್ಗದ ಡಿಪಿಯಲ್ಲಿ ಸೈಜ್ ಬರೆದಿದ್ದೆವು. ಎಸ್‌ಪಿ ಇದ್ದ ಒಂದೆರಡು ಕಡೆಯೂ ಪೆಟ್ಟಿಗೆಯ ಎತ್ತರ ಕಟ್ಟಿಹಾಕಿ, 'ರಾಷ್ಟ್ರ'ದ ಒತ್ತಕ್ಷರಗಳ ಕಾಲು ಕತ್ತರಿಸಿದ್ದೆವು.

"ಅನಿಮೇಶನ್ ಇದ್ದರೆ ಶೀರ್ಷಿಕೆ ಎಲ್ಲಿ ಹೋಯಿತೆಂದು ಕಣ್ಣಿಗೆ ತಿಳಿಯುತ್ತದೆ" ಅನ್ನುತ್ತಾರೆ. ಒಪ್ಪಿದೆ. ಆದರೆ ಮೊದಲು ಅದು ಕಣ್ಣಿಗೆ ಕಾಣಬೇಕಲ್ಲವೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ.

ನೀವೂ ಆಪ್ ಬರೆಯುವವರಾ? ಅನಿಮೇಶನ್‌ಗೆ ಕೈಹಾಕುವ ಮುಂಚೆ ಅಕ್ಷರದ ಗಾತ್ರವನ್ನು ಪೂರ್ತಿ ಏರಿಸಿ, ನಿಮ್ಮ ಆಪನ್ನು ಒಮ್ಮೆ ತೆರೆದು ನೋಡಿ. ನಾಚಿಕೆಯಾದರೆ, ನಮ್ಮ ಜೊತೆ ಸೇರಿಕೊಳ್ಳಿ.